ಹಿಡಿದ ಕತ್ತು, ಬಿಗಿದ ಸೊಂಟಕ್ಕೆ ಚೀನೀ ಅಂಗಮರ್ದನ ಮತ್ತು ಶಾಖ: ಮನೆಯಲ್ಲಿ ಮಾಡುವ ಕ್ರಮ

ಚೀನಾದಲ್ಲಿ ಕತ್ತು ಉಳುಕಿಸಿಕೊಂಡು ಸಾಂಪ್ರದಾಯಿಕ ವೈದ್ಯದ ಆಸ್ಪತ್ರೆಗೆ ಹೋದವರನ್ನು ಹೆಚ್ಚಾಗಿ ತುಯಿನಾ ವಿಭಾಗಕ್ಕೆ ಕಳುಹಿಸುತ್ತಾರೆ. ಅಲ್ಲಿ ವೈದ್ಯರು ಕೈಯಿಂದ ತಳ್ಳಿ, ಒತ್ತಿ, ಹಿಸುಕಿ ಎತ್ತಿ ಸ್ನಾಯು ಸಡಿಲಿಸುತ್ತಾರೆ. ಬೀದಿಬದಿಯ ಸಣ್ಣ ಅಂಗಡಿಗಳಲ್ಲಿ ಇದೇ ವಿದ್ಯೆಯನ್ನು ಕಲಿತ ಅಂಧ ಮರ್ದಕರು ದುಡಿಯುತ್ತಾರೆ. ಮನೆಗಳಲ್ಲಿ ಅಜ್ಜಿಯರು ಪಿಂಗಾಣಿ ಚಮಚ ಹಿಡಿದು ಮೊಮ್ಮಕ್ಕಳ ಬೆನ್ನು ಗೀರುತ್ತಾರೆ. ನಮ್ಮಲ್ಲಿ ಈ ವಿದ್ಯೆಗಳ ಚಿತ್ರಗಳು ಮಾತ್ರ ಮೊಬೈಲಿಗೆ ಬಂದು ಬೀಳುತ್ತವೆ: ಬೆನ್ನ ತುಂಬ ಕಪ್ಪು ವೃತ್ತಗಳು, ಕತ್ತಿನ ಮೇಲೆ ಕಡುಗೆಂಪು ಪಟ್ಟೆಗಳು. ನೋಡಿದವರು ಅಂಥದೇ ಪಟ್ಟೆ ತಮಗೂ ಮೂಡಲಿ ಎಂದು ಗೀರಲು ಹೊರಡುತ್ತಾರೆ. ತಪ್ಪಾಗುವುದು ಅಲ್ಲೇ.

ಈ ಚಿಕಿತ್ಸೆಗಳಿಗೆ ಒಂದು ಕ್ರಮವಿದೆ. ಮೊದಲು ಶಾಖ, ಆಮೇಲೆ ಕೈ, ಅಗತ್ಯ ಬಿದ್ದರಷ್ಟೇ ಚಮಚದಿಂದ ಗೀರುವ ಗ್ವಾಶಾ ಅಥವಾ ಚರ್ಮಕ್ಕೆ ಕಪ್ ಅಂಟಿಸಿ ಹೀರುವ ಕಪ್ಪಿಂಗ್, ಕೊನೆಗೆ ಬೇಕಿದ್ದರೆ ಒಣ ಎಲೆಯ ಕಡ್ಡಿ ಉರಿಸಿ ಕೊಡುವ ಮಾಕ್ಸಾ ಕಾವು. ಬಹುತೇಕರ ನೋವು ಮೊದಲ ಎರಡರಲ್ಲೇ ಸಡಿಲಗೊಳ್ಳುತ್ತದೆ. ಸೂಜಿ ಚುಚ್ಚುವ ಅಕ್ಯುಪಂಕ್ಚರ್ ಮನೆಯಲ್ಲಿ ಮಾಡುವ ಕೆಲಸವಲ್ಲವಾದ್ದರಿಂದ ಅದನ್ನು ಇಲ್ಲಿ ಬಿಟ್ಟಿದ್ದೇನೆ.

ಮೊದಲು ಯಾರು ಮಾಡಬಾರದು ಎಂಬುದು

ಬಿದ್ದು ಪೆಟ್ಟಾದ ನೋವು, ಕಾಲಿನಲ್ಲಿ ಬಲ ಕುಂದುತ್ತಿರುವುದು, ಮಲಮೂತ್ರದ ಹಿಡಿತ ತಪ್ಪುವುದು, ತೊಡೆಸಂದಿಯ ಸುತ್ತ ಜೋಮು, ಜ್ವರದ ಜೊತೆ ಬೆನ್ನುನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಎದೆಯಿಂದ ಎಡತೋಳಿಗೆ ಹರಿಯುವ ನೋವು: ಇವುಗಳಲ್ಲಿ ಒಂದಿದ್ದರೂ ಎಣ್ಣೆ ಬಾಟಲಿ ಮುಚ್ಚಿಟ್ಟು ವೈದ್ಯರ ಬಳಿಗೆ ಹೋಗಬೇಕು. ಎದೆನೋವು ಮತ್ತು ಮೂತ್ರದ ಹಿಡಿತ ತಪ್ಪುವುದು ಅದೇ ದಿನ, ಅದೇ ಗಂಟೆಯ ಮಾತು.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಗೀರುವುದೂ ಬೇಡ, ಕಪ್ ಇಡುವುದೂ ಬೇಡ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂಕಾದವರಿಗೆ ಶಾಖ ಕೊಡುವುದು ಅಪಾಯ. ಸುಡುತ್ತಿರುವುದು ಅವರಿಗೆ ತಿಳಿಯುವುದೇ ಇಲ್ಲ. ಗರ್ಭಿಣಿಯರ ಹೊಟ್ಟೆ ಮತ್ತು ಸೊಂಟವನ್ನು ಮುಟ್ಟಬಾರದು. ಹೆಗಲಿನ ಮೇಲಿನ ಜಿಯಾನ್‌ಜಿಂಗ್, ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಹೆಗು, ಒಳಗಣಕಾಲಿನ ಮೇಲಿನ ಸಾನ್‌ಯಿನ್‌ಜಿಯಾವೋ ಎಂಬ ಒತ್ತುಬಿಂದುಗಳನ್ನು ಗರ್ಭಿಣಿಯರಿಗೆ ಒತ್ತಬಾರದೆಂಬುದು ಚೀನೀ ವೈದ್ಯದ ಹಳೆಯ ನಿಷೇಧ. ಹುಣ್ಣು, ಮಚ್ಚೆ, ಉಬ್ಬಿದ ರಕ್ತನಾಳ, ಬಿಸಿಲಿಗೆ ಸುಟ್ಟ ಚರ್ಮ ಇವುಗಳ ಮೇಲೆ ಏನೂ ಮಾಡಬೇಡಿ.

ಕತ್ತನ್ನು ಒಮ್ಮೆಲೇ ತಿರುಗಿಸಿ 'ಲಟಕ್' ಎನ್ನಿಸುವ ಕೆಲಸವನ್ನಂತೂ ಮನೆಯಲ್ಲಿ ಯಾರೂ ಯಾರಿಗೂ ಮಾಡಬಾರದು. ಕತ್ತಿನ ಮೂಳೆಗಳೊಳಗೆ ಮಿದುಳಿಗೆ ಹೋಗುವ ಧಮನಿಗಳಿವೆ. ಆ ತಿರುವಿಗೆ ಅವುಗಳ ಒಳಪದರ ಹರಿದರೆ ಪಾರ್ಶ್ವವಾಯು ಆಗಬಹುದು. ನಮ್ಮ ಕ್ಷೌರದ ಅಂಗಡಿಗಳಲ್ಲಿ ಉಚಿತವಾಗಿ ಸಿಗುವ ಆ ತಿರುವಿಗೂ ಇದೇ ಮಾತು.

ಬೇಕಾಗುವ ಸಾಮಾನು

ಅರ್ಧ ಕಿಲೋ ಕಲ್ಲುಪ್ಪು, ದಪ್ಪ ಹತ್ತಿಬಟ್ಟೆಯ ಎರಡು ಪದರದ ಚೀಲ, ಎಳ್ಳೆಣ್ಣೆ, ಅಂಚು ದಪ್ಪಗೆ ನುಣುಪಾಗಿರುವ ಪಿಂಗಾಣಿ ಸೂಪ್ ಚಮಚ, ಎರಡು ಟವೆಲ್. ಇಷ್ಟರಲ್ಲೇ ಶೇಕಡಾ ತೊಂಬತ್ತು ಕೆಲಸ ಮುಗಿಯುತ್ತದೆ. ಎಮ್ಮೆಕೊಂಬಿನ ಅಥವಾ ಜೇಡ್ ಕಲ್ಲಿನ ಗ್ವಾಶಾ ಫಲಕಗಳು ಆನ್‌ಲೈನಿನಲ್ಲಿ ಸಿಗುತ್ತವೆ, ನೋಡಲು ಚೆನ್ನ. ಆದರೆ ಅಂಚಿನಲ್ಲಿ ಸೀಳು ಬಿಟ್ಟ ದುಬಾರಿ ಜೇಡ್‌ಗಿಂತ ಸೀಳಿಲ್ಲದ ಚಮಚ ಮೇಲು. ಬಳಸುವ ಮುನ್ನ ನಿಮ್ಮದೇ ಮೊಣಕೈಯ ಒಳಬದಿಗೆ ಅಂಚನ್ನು ಸವರಿ ನೋಡಿ. ಕಚ್ಚಿದಂತೆ ಅನ್ನಿಸಿದರೆ ಅದನ್ನು ಅಡುಗೆಮನೆಗೇ ಬಿಡಿ. ಮಾಕ್ಸಾ ಕಡ್ಡಿ ಮತ್ತು ಸಿಲಿಕೋನ್ ಕಪ್‌ಗಳನ್ನು ಆಮೇಲೆ ಬೇಕೆನಿಸಿದರೆ ತರಿಸಬಹುದು.

ಅಳತೆಗೆ ಟೇಪು ಬೇಡ. ಚೀನೀ ವೈದ್ಯದ ಅಳತೆ 'ತ್ಸುನ್'. ಚಿಕಿತ್ಸೆ ಪಡೆಯುವವರ ಹೆಬ್ಬೆರಳಿನ ಗೆಣ್ಣಿನ ಅಗಲ ಒಂದು ತ್ಸುನ್, ಜೋಡಿಸಿದ ನಾಲ್ಕು ಬೆರಳುಗಳ ಅಗಲ ಮೂರು ತ್ಸುನ್. ಅಳೆಯಬೇಕಾದ್ದು ನೋವಿರುವವರ ಬೆರಳಿನಿಂದ, ಒತ್ತುವವರ ಬೆರಳಿನಿಂದಲ್ಲ. ಎತ್ತರದ ಗಂಡ ಸಣ್ಣ ಮೈಕಟ್ಟಿನ ಹೆಂಡತಿಯ ಬೆನ್ನಿನಲ್ಲಿ ತನ್ನ ಬೆರಳಿನಿಂದ ಬಿಂದು ಹುಡುಕಿದರೆ ಜಾಗ ತಪ್ಪುತ್ತದೆ.

ಮೊದಲ ಹೆಜ್ಜೆ: ಉಪ್ಪಿನ ಶಾಖ

ಬಿಸಿ ಮಾಡಿದ ಉಪ್ಪನ್ನು ಬಟ್ಟೆಯಲ್ಲಿ ಕಟ್ಟಿ ನೋವಿನ ಜಾಗಕ್ಕಿಡುವ ಪದ್ಧತಿ ನಮ್ಮಲ್ಲಿರುವಂತೆಯೇ ಚೀನಾದಲ್ಲೂ ಹಳೆಯದು. ಅಲ್ಲಿನ ಆಸ್ಪತ್ರೆಗಳಲ್ಲಿ ದಪ್ಪ ಉಪ್ಪಿನ ಜೊತೆ ವೂಝೂಯೂ ಎಂಬ ಕಟುವಾಸನೆಯ ಕಾಯಿಯನ್ನು ಹುರಿದು ಚೀಲ ಕಟ್ಟುತ್ತಾರೆ. ನಮಗೆ ಉಪ್ಪೇ ಸಾಕು. ಬೇಕಿದ್ದರೆ ಒಂದು ಹಿಡಿ ಒಣಶುಂಠಿ ಚೂರು ಸೇರಿಸಿ, ಪರಿಮಳಕ್ಕಾದರೂ ಆಯಿತು.

ಕಬ್ಬಿಣದ ಬಾಣಲೆಯಲ್ಲಿ ಕಲ್ಲುಪ್ಪನ್ನು ಮಧ್ಯಮ ಉರಿಯಲ್ಲಿ ಕೈಯಾಡಿಸುತ್ತ ಹುರಿಯಿರಿ. ಮೊದಲು ತೇವ ಆರುತ್ತದೆ, ಆಮೇಲೆ ಹರಳುಗಳು ಚಟಪಟ ಸಿಡಿಯತೊಡಗುತ್ತವೆ. ಸದ್ದು ಕೇಳಿದೊಡನೆ ಒಲೆ ಆರಿಸಿ. ಸಿಡಿಯುವ ಉಪ್ಪು ಕಣ್ಣಿಗೆ ಹಾರಬಹುದು, ಮುಖ ದೂರವಿರಲಿ. ಎರಡು ಮೂರು ನಿಮಿಷ ಆರಲು ಬಿಟ್ಟು ಚೀಲಕ್ಕೆ ತುಂಬಿ, ಬಾಯಿ ಬಿಗಿದು, ಟವೆಲಿನಲ್ಲಿ ಸುತ್ತಿ. ಮಣಿಕಟ್ಟಿನ ಒಳಬದಿಗೆ ಹಿಡಿದು ಹತ್ತು ಎಣಿಸುವವರೆಗೆ ಹಾಯಾಗಿ ಇರಲಾದರೆ ಮಾತ್ರ ಬೆನ್ನಿಗಿಡಿ. ಮೊದಲ ಐದು ನಿಮಿಷ ಒಂದೇ ಕಡೆ ನಿಲ್ಲಿಸದೆ ಮೇಲೆ ಕೆಳಗೆ ಸರಿಸುತ್ತಿರಿ. ಬಿಸಿ ಸ್ವಲ್ಪ ಇಳಿದ ಮೇಲೆ ಹೆಗಲಿನ ಮೇಲೆ ಅಥವಾ ಸೊಂಟದಡಿ ಇಟ್ಟು ಹದಿನೈದು ನಿಮಿಷ ಬಿಡಿ.

ಶಾಖದ ಚೀಲದ ಮೇಲೆ ಮಲಗಿ ನಿದ್ದೆ ಹೋಗಬೇಡಿ. 44 ಡಿಗ್ರಿ ಸೆಲ್ಸಿಯಸ್‌ನಷ್ಟು, ಅಂದರೆ ಮುಟ್ಟಿದಾಗ ಹಿತವೆನಿಸುವ ಬಿಸಿಯೂ ಗಂಟೆಗಟ್ಟಲೆ ಒಂದೇ ಜಾಗದಲ್ಲಿ ನಿಂತರೆ ಚರ್ಮವನ್ನು ಆಳವಾಗಿ ಸುಡುತ್ತದೆ. ನೋವಿನ ಮುಲಾಮು ಹಚ್ಚಿದ ಮೇಲೂ ಶಾಖ ಬೇಡ. ಮೆಂಥಾಲ್ ಸೇರಿ ಉರಿ ಎಬ್ಬಿಸುತ್ತದೆ. ಉಳುಕಿ ಊದಿಕೊಂಡ ಮೊದಲ ಎರಡು ದಿನವೂ ಶಾಖ ಸಲ್ಲದು.

ಎರಡನೆಯ ಹೆಜ್ಜೆ: ಕತ್ತು ಮತ್ತು ಹೆಗಲಿಗೆ ತುಯಿನಾ

ತುಯಿನಾದಲ್ಲಿ ಹಲವು ಪಂಥಗಳಿವೆ. ಇಂದು ಚೀನಾದಲ್ಲೆಲ್ಲ ಕಲಿಸುವ ಉರುಳು ವಿಧಾನವನ್ನು 1940ರ ದಶಕದಲ್ಲಿ ಶಾಂಘೈನ ದಿಂಗ್ ಜಿಫೆಂಗ್ ರೂಪಿಸಿದರು. ಅಂಗೈಯ ಹಿಂಭಾಗದ ಕಿರುಬೆರಳಿನ ಕಡೆಯ ಅಂಚನ್ನು ಸ್ನಾಯುವಿನ ಮೇಲಿಟ್ಟು, ಮಣಿಕಟ್ಟನ್ನು ಬಳುಕಿಸುತ್ತ ನಿಮಿಷಕ್ಕೆ ನೂರಕ್ಕೂ ಹೆಚ್ಚು ಬಾರಿ ಹಿಂದೆ ಮುಂದೆ ಉರುಳಿಸುವುದು. ವಿದ್ಯಾರ್ಥಿಗಳು ಅಕ್ಕಿ ಅಥವಾ ಮರಳಿನ ಚೀಲದ ಮೇಲೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಮೇಲಷ್ಟೇ ಮೈ ಮುಟ್ಟುತ್ತಾರೆ. ಆದ್ದರಿಂದ ನಾವು ಅದನ್ನು ಅನುಕರಿಸಲು ಹೋಗದೆ ಮುಂಗೈಯನ್ನು, ಅಂದರೆ ಮೊಣಕೈ ಮತ್ತು ಮಣಿಕಟ್ಟಿನ ನಡುವಿನ ಮಾಂಸಲ ಭಾಗವನ್ನು, ಹೆಗಲಿನ ಮೇಲೆ ಉರುಳಿಸಿದರೆ ಸಾಕು.

ನೋವಿರುವವರನ್ನು ಕುರ್ಚಿಯಲ್ಲಿ ಹಿಂದುಮುಂದಾಗಿ ಕೂರಿಸಿ, ಒರಗುವ ಹಲಗೆಗೆ ದಿಂಬಿಟ್ಟು ಅದರ ಮೇಲೆ ಹಣೆ ಊರಲು ಹೇಳಿ. ಉಗುರು ಕತ್ತರಿಸಿ, ಕೈ ಬೆಚ್ಚಗೆ ಮಾಡಿಕೊಳ್ಳಿ. ಬಟ್ಟೆಯ ಮೇಲಿನಿಂದಲೇ ಮಾಡಬಹುದು. ಚೀನಾದಲ್ಲಿ ತುಯಿನಾವನ್ನು ಸಾಮಾನ್ಯವಾಗಿ ಹಾಳೆ ಹೊದಿಸಿಯೇ ಮಾಡುತ್ತಾರೆ.

ಮುಂಗೈಯನ್ನು ಹೆಗಲಿನ ಮೇಲಿಟ್ಟು ಕತ್ತಿನ ಬುಡದಿಂದ ತೋಳಿನ ತುದಿಯವರೆಗೆ ನಿಧಾನವಾಗಿ ಉರುಳಿಸಿ. ಒಂದೊಂದು ಕಡೆಗೆ ಮೂರು ನಿಮಿಷ. ಭಾರ ನಿಮ್ಮ ಮೈಯಿಂದ ಬರಲಿ, ತೋಳಿನ ಬಲದಿಂದ ಬೇಡ. ಆಮೇಲೆ ಹಿಸುಕಿ ಎತ್ತುವುದು: ತಾಯಿಬೆಕ್ಕು ಮರಿಯ ಕತ್ತು ಕಚ್ಚಿ ಎತ್ತುವಾಗಿನ ಹದದಲ್ಲಿ, ಹೆಬ್ಬೆರಳು ಒಂದು ಕಡೆ, ಉಳಿದ ನಾಲ್ಕು ಬೆರಳು ಇನ್ನೊಂದು ಕಡೆ ಇಟ್ಟು ಕತ್ತಿನ ಹಿಂಬದಿಯ ಸ್ನಾಯುವನ್ನು ಹಿಡಿದು, ಎತ್ತಿ, ಬಿಡಿ. ತಲೆಬುರುಡೆಯ ಕೆಳಗಿನಿಂದ ಹೆಗಲಿನವರೆಗೆ ಇಳಿಯುತ್ತ ಬನ್ನಿ. ಬೆರಳ ತುದಿಗಳಿಂದ ಚಿವುಟಿದರೆ ನೋವಾಗುತ್ತದೆ, ಬೆರಳಿನ ಪೂರ್ತಿ ಮೆದುಭಾಗ ಕೂರಬೇಕು. ಎರಡು ನಿಮಿಷದಲ್ಲಿ ಕತ್ತು ಬೆಚ್ಚಗಾದದ್ದು ನಿಮ್ಮ ಕೈಗೇ ತಿಳಿಯುತ್ತದೆ.

ಈಗ ಬಿಂದುಗಳು. ಕಿವಿಯ ಹಿಂದಿನ ಎಲುಬುಬ್ಬಿಗೂ ಕತ್ತಿನ ನಡುಸಾಲಿಗೂ ಮಧ್ಯೆ, ತಲೆಬುರುಡೆಯ ಕೆಳ ಅಂಚಿನಲ್ಲಿ ಎರಡು ಕಡೆ ಕುಳಿಗಳಿವೆ. ಅವು ಫೆಂಗ್‌ಚಿ. ಒಂದು ಕೈಯಿಂದ ಹಣೆಗೆ ಆಸರೆ ಕೊಟ್ಟು, ಇನ್ನೊಂದರ ಹೆಬ್ಬೆರಳು ಮತ್ತು ತೋರುಬೆರಳನ್ನು ಕುಳಿಗಳಿಗಿಟ್ಟು ಎದುರಿನ ಕಣ್ಣಿನ ದಿಕ್ಕಿಗೆ ಮೇಲ್ಮುಖವಾಗಿ ಒತ್ತಿ. ಐದು ಉಸಿರಿನಷ್ಟು ಹೊತ್ತು ಒತ್ತಿ ಬಿಡುವುದು, ಹೀಗೆ ಐದಾರು ಸಲ. ಪರದೆ ನೋಡಿ ನೋಡಿ ತಲೆ ಭಾರವಾದವರಿಗೆ ಇದೊಂದರಿಂದಲೇ ಹಗುರೆನಿಸುವುದುಂಟು. ಕತ್ತಿನ ಬುಡದ ಉಬ್ಬು ಮೂಳೆಗೂ ಹೆಗಲಿನ ತುದಿಗೂ ನಡುವೆ ಸ್ನಾಯುವಿನ ದಿಬ್ಬದ ಮೇಲೆ ಜಿಯಾನ್‌ಜಿಂಗ್ ಇದೆ. ಮೊಣಕೈಯಿಂದ ಮೆಲ್ಲನೆ ಭಾರ ಬಿಡಿ. 'ಹಿತವಾದ ನೋವು' ಎನ್ನುವವರೆಗೆ ಸರಿ. ಉಸಿರು ಬಿಗಿಹಿಡಿದರೆ, ಭುಜ ಕಿವಿಯ ಕಡೆಗೆ ಏರಿದರೆ ಬಲ ಹೆಚ್ಚಾಯಿತು ಎಂದರ್ಥ.

ಬೆಳಿಗ್ಗೆ ಎದ್ದಾಗ ಕತ್ತು ಒಂದು ಕಡೆಗೆ ತಿರುಗದಷ್ಟು ಹಿಡಿದಿದ್ದರೆ ಕತ್ತನ್ನು ಮುಟ್ಟಲೇಬೇಡಿ. ಅದಕ್ಕೆ ಚೀನೀ ವೈದ್ಯದಲ್ಲಿ ಕೈಯ ಮೇಲೆ ಒಂದು ಬಿಂದುವಿದೆ, ಲುವೋಝೆನ್. ಅಂಗೈಯ ಹಿಂಬದಿಯಲ್ಲಿ ತೋರುಬೆರಳು ಮತ್ತು ನಡುಬೆರಳಿನ ಎಲುಬುಗಳ ನಡುವೆ, ಗೆಣ್ಣುಗಳಿಂದ ಅರ್ಧ ಹೆಬ್ಬೆರಳಿನಷ್ಟು ಹಿಂದೆ. ನೋವಿರುವ ಕಡೆಯ ಕೈಯಲ್ಲಿ ಅದನ್ನು ಗಟ್ಟಿಯಾಗಿ ತೀಡುತ್ತಿರುವಾಗ, ನೋವಿರುವವರು ತಾವಾಗಿಯೇ ಕತ್ತನ್ನು ಎಡಕ್ಕೆ ಬಲಕ್ಕೆ ಆದಷ್ಟೇ ತಿರುಗಿಸುತ್ತ ಎರಡು ಮೂರು ನಿಮಿಷ ಕಳೆಯಬೇಕು. ಕೈಯ ಬಿಂದುವಿಗೂ ಕತ್ತಿಗೂ ಏನು ಸಂಬಂಧ ಎಂದರೆ ಚೀನೀ ವೈದ್ಯರು ನಾಡಿಮಾರ್ಗ, ಅದರಲ್ಲಿ ಹರಿಯುವ ಜೀವಶಕ್ತಿ 'ಚೀ' ಎಂದು ವಿವರಿಸುತ್ತಾರೆ. ಗಮನ ಬೇರೆಡೆಗೆ ಹೋಗಿ ಹೆದರಿದ ಸ್ನಾಯು ಚಲಿಸಲು ಒಪ್ಪುತ್ತದೆ ಎಂಬ ಸರಳ ವಿವರಣೆಯೇ ನನಗೆ ಸಾಕೆನಿಸುತ್ತದೆ.

ಗ್ವಾಶಾ: ಗೀರುವುದು ಹೇಗೆ, ಎಲ್ಲಿ ನಿಲ್ಲಿಸಬೇಕು

ಶಾಖ ಮತ್ತು ಕೈ ಆದ ಮೇಲೂ ಹೆಗಲು ಹಲಗೆಯಂತೆಯೇ ಉಳಿದರೆ ಗ್ವಾಶಾ. ಇದರಲ್ಲಿ ಮೂಡುವ ಕೆಂಪು ಚುಕ್ಕೆಗಳನ್ನು 'ಶಾ' ಎನ್ನುತ್ತಾರೆ. ಮೈಯ ವಿಷ ಹೊರಬಂತು ಎಂದು ಮಾರಾಟಗಾರರು ಹೇಳುವುದನ್ನು ನಂಬಬೇಡಿ. ಅದು ಚರ್ಮದಡಿಯ ಕಿರುನಾಳಗಳಿಂದ ಸೋರಿದ ರಕ್ತ, ಅಷ್ಟೆ. ಅದರ ಬಣ್ಣ ಕಾಯಿಲೆಯ ಅಳತೆಗೋಲೂ ಅಲ್ಲ. ಹಾಗೆಂದು ಗೀರುವುದರಿಂದ ಏನೂ ಆಗುವುದಿಲ್ಲ ಎಂದೂ ಅಲ್ಲ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಗೀರಿದ ಜಾಗದ ಮೇಲ್ಪದರದ ರಕ್ತಸಂಚಾರ ಮೊದಲ ಏಳೂವರೆ ನಿಮಿಷ ನಾಲ್ಕು ಪಟ್ಟು ಹೆಚ್ಚಿತ್ತು. ಜರ್ಮನಿಯಲ್ಲಿ ಹಳೆಯ ಕತ್ತುನೋವಿನ 48 ಮಂದಿಯ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಸಲದ ಗ್ವಾಶಾ ಒಂದು ವಾರದ ನಂತರ ಬಿಸಿಪಟ್ಟಿಗಿಂತ ಹೆಚ್ಚು ನೋವು ತಗ್ಗಿಸಿತ್ತು. ಚಿಕ್ಕ ಅಧ್ಯಯನಗಳು, ವಾರದ ಆಚೆಗೆ ಇವುಗಳಿಂದ ಏನನ್ನೂ ಹೇಳಲಾಗದು.

ಕತ್ತಿನ ಹಿಂಬದಿಗೂ ಹೆಗಲಿಗೂ ಧಾರಾಳವಾಗಿ ಎಳ್ಳೆಣ್ಣೆ ಸವರಿ. ಎಣ್ಣೆ ಕಡಿಮೆಯಾದರೆ ಚಮಚ ಚರ್ಮವನ್ನು ಎಳೆಯುತ್ತದೆ. ಚಮಚವನ್ನು ಚರ್ಮಕ್ಕೆ ನಲವತ್ತೈದು ಡಿಗ್ರಿಗಿಂತ ಕಡಿಮೆ ಕೋನದಲ್ಲಿ ವಾಲಿಸಿ, ಒಂದೇ ದಿಕ್ಕಿನಲ್ಲಿ, ಮೇಲಿನಿಂದ ಕೆಳಕ್ಕೆ, ಒಂದು ಗೇಣಿನಷ್ಟು ಉದ್ದಕ್ಕೆ ಎಳೆಯಿರಿ. ಹಿಂದೆ ಮುಂದೆ ಉಜ್ಜಬಾರದು.

ಗೀರಬೇಕಾದ ಗೆರೆಗಳು ಎರಡು ಜೊತೆ. ಮೊದಲನೆಯದು ಬೆನ್ನುಮೂಳೆಯ ಎರಡೂ ಪಕ್ಕ, ಎರಡು ಬೆರಳು ದೂರದಲ್ಲಿ, ಕೂದಲಂಚಿನಿಂದ ಕತ್ತಿನ ಬುಡದವರೆಗೆ. ಎರಡನೆಯದು ಫೆಂಗ್‌ಚಿಯಿಂದ ಕತ್ತಿನ ಇಳಿಜಾರು ಹಿಡಿದು ಜಿಯಾನ್‌ಜಿಂಗ್ ಮೂಲಕ ಹೆಗಲಿನ ತುದಿಗೆ. ಒಂದೊಂದು ಗೆರೆಗೆ ಹದಿನೈದು ಎಳೆತ ಸಾಕು. ಮೂಳೆಯ ಮೇಲೆ, ಕತ್ತಿನ ಮುಂಬದಿ ಮತ್ತು ಪಕ್ಕದಲ್ಲಿ ಗೀರಲೇಬಾರದು. ಕೆಲವರ ಚರ್ಮದಲ್ಲಿ ನಾಲ್ಕೈದು ಎಳೆತಕ್ಕೇ ಕೆಂಪು ಚುಕ್ಕೆ ಏಳುತ್ತದೆ, ಕೆಲವರಿಗೆ ನಸುಗೆಂಪು ಬಿಟ್ಟು ಏನೂ ಮೂಡುವುದಿಲ್ಲ. ಎರಡೂ ಸರಿಯೇ. ಹೊಸ ಚುಕ್ಕೆ ಏಳುವುದು ನಿಂತಾಗ ಅಥವಾ ಹದಿನೈದು ಎಳೆತ ಮುಗಿದಾಗ, ಯಾವುದು ಮೊದಲೋ ಆಗ ನಿಲ್ಲಿಸಿ. ಗುರುತು ಸಾಮಾನ್ಯವಾಗಿ ಎರಡರಿಂದ ಐದು ದಿನಗಳಲ್ಲಿ ಮಾಯವಾಗುತ್ತದೆ. ಅದು ಪೂರ್ತಿ ಮಾಯವಾಗುವವರೆಗೆ ಅದೇ ಜಾಗವನ್ನು ಮತ್ತೆ ಗೀರಬಾರದು.

ಒಬ್ಬರಿಗೆ ಬಳಸಿದ ಚಮಚವನ್ನು ಇನ್ನೊಬ್ಬರಿಗೆ ಬಳಸಬೇಡಿ. ಕಣ್ಣಿಗೆ ಕಾಣದ ರಕ್ತದ ಅಂಶ ಅಂಚಿಗೆ ಅಂಟಿರಬಹುದು. ಸೋಪು ನೀರಿನಲ್ಲಿ ತೊಳೆದು ಹತ್ತು ನಿಮಿಷ ಕುದಿಸಿ, ಗ್ವಾಶಾಕ್ಕೆಂದೇ ಬೇರೆ ಇಟ್ಟುಬಿಡಿ.

ಕಪ್ಪಿಂಗ್, ಚಿಕ್ಕದಾಗಿ

2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಭುಜದ ಮೇಲಿನ ವೃತ್ತಗಳನ್ನು ನೋಡಿ ಜಗತ್ತು ಈ ಕಡೆ ತಿರುಗಿತು. ವಿದ್ಯೆ ಮಾತ್ರ ಬಹು ಹಳೆಯದು. 1973ರಲ್ಲಿ ಹುನಾನ್ ಪ್ರಾಂತ್ಯದ ಮಾವಾಂಗ್‌ದುಯಿ ಸಮಾಧಿಯಲ್ಲಿ ಸಿಕ್ಕ, ಕ್ರಿಸ್ತಪೂರ್ವದ ರೇಷ್ಮೆ ಹಸ್ತಪ್ರತಿಯಲ್ಲಿ ಕೊಂಬಿನಿಂದ ಹೀರುವ ವಿಧಾನವಿದೆ. ನಮ್ಮ ಸುಶ್ರುತ ಸಂಹಿತೆಯಲ್ಲೂ ಕೊಂಬು ಮತ್ತು ಸೋರೆಬುರುಡೆಯಿಂದ ರಕ್ತ ಹೀರುವ ಪ್ರಸ್ತಾಪವಿದೆ.

ಗಾಜಿನ ಲೋಟದೊಳಗೆ ಬೆಂಕಿ ಆಡಿಸಿ ಬೆನ್ನಿಗೆ ಅಂಟಿಸುವುದನ್ನು ಮನೆಯಲ್ಲಿ ಮಾಡಬೇಡಿ. ಸ್ಪಿರಿಟ್ ಒಂದು ಹನಿ ಬಿದ್ದರೆ ಮುಗಿಯಿತು. ಸಿಲಿಕೋನ್ ಕಪ್ ಇದ್ದರೆ ಎಣ್ಣೆ ಸವರಿದ ಹೆಗಲಿನ ಮೇಲೆ ಮೆಲ್ಲನೆ ಅದುಮಿ ಅಂಟಿಸಿ, ಐದು ನಿಮಿಷಕ್ಕೆ ತೆಗೆಯಿರಿ. ತೆಗೆಯುವಾಗ ಎಳೆಯದೆ ಅಂಚಿನ ಪಕ್ಕದ ಚರ್ಮವನ್ನು ಬೆರಳಿನಿಂದ ಒತ್ತಿ ಗಾಳಿ ಬಿಡಿ. ಗ್ವಾಶಾ ಮಾಡಿದ ದಿನ ಕಪ್ ಬೇಡ.

ಮಾಕ್ಸಾ: ಉರಿಯುವ ಎಲೆಯ ಕಾವು

ನನಗೆ ಇವೆಲ್ಲದರಲ್ಲಿ ಹೆಚ್ಚು ಇಷ್ಟವಾದದ್ದು ಮಾಕ್ಸಾ. ಚೀನೀಯರು 'ಆಯ್' ಎನ್ನುವ ಗಿಡದ ಎಲೆ ಒಣಗಿಸಿ, ಕುಟ್ಟಿ, ಜರಡಿ ಹಿಡಿದು ಉಳಿಯುವ ಹತ್ತಿಯಂಥ ಎಳೆಯನ್ನು ಕಾಗದದಲ್ಲಿ ಸುತ್ತಿ ಕಡ್ಡಿ ಮಾಡುತ್ತಾರೆ. ನಮ್ಮ ದವನ ಮತ್ತು ಗಣೇಶನ ಪೂಜೆಗೆ ತರುವ ಮಾಚಿಪತ್ರೆ ಇದೇ ಕುಲದವು, ಆದರೆ ಜಾತಿ ಬೇರೆ. ಅವನ್ನು ಸುತ್ತಿ ಉರಿಸಲು ಹೋಗಬೇಡಿ. ಹೂಬೈ ಪ್ರಾಂತ್ಯದ ಚೀಚುನ್ ಊರಿನ ಎಲೆಗೆ ಹೆಚ್ಚಿನ ಹೆಸರು. ಹದಿನಾರನೆಯ ಶತಮಾನದ ಔಷಧ ವಿಜ್ಞಾನಿ ಲೀ ಶಿಝೆನ್ ಅಲ್ಲಿಯವನೇ. ಎಲೆ ಹಳೆಯದಾದಷ್ಟೂ ಕಾವು ಮೃದು ಎಂಬ ನಂಬಿಕೆಯಿಂದ ಮೂರು ವರ್ಷ ಇಟ್ಟ ಮಾಕ್ಸಾಕ್ಕೆ ಬೆಲೆ ಹೆಚ್ಚು. ಚೀನಾದ ಅಕ್ಯುಪಂಕ್ಚರ್ ಮತ್ತು ಮಾಕ್ಸಾ ಚಿಕಿತ್ಸೆ 2010ರಲ್ಲಿ ಯುನೆಸ್ಕೋ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು.

ಕಿಟಕಿ ತೆರೆಯಿರಿ, ಫ್ಯಾನ್ ಆರಿಸಿ. ಅಸ್ತಮಾ ಇರುವವರು ಮನೆಯಲ್ಲಿದ್ದರೆ ಇದನ್ನು ಬಿಟ್ಟುಬಿಡಿ. ಹೊಗೆ ದಟ್ಟವಾಗಿ ಏಳುತ್ತದೆ. ವಿದೇಶದ ಅಪಾರ್ಟ್‌ಮೆಂಟಿನಲ್ಲಿ ಹೊಗೆ ಎಚ್ಚರಿಕೆಯ ಗಂಟೆ ಇರುವಲ್ಲಿ ವಾಸಿಸುವ ಕನ್ನಡಿಗರು ಇದ್ದಿಲಿನ 'ಹೊಗೆರಹಿತ' ಕಡ್ಡಿ ತರಿಸಿಕೊಳ್ಳುವುದು ಒಳ್ಳೆಯದು, ಅದಕ್ಕೂ ಗಾಳಿಯಾಡುವ ಕೋಣೆ ಬೇಕು. ಕಡ್ಡಿಯ ತುದಿಗೆ ಬೆಂಕಿ ಹಿಡಿಸಿ, ಜ್ವಾಲೆ ಊದಿ, ಕೆಂಡ ಸಮನಾಗಿ ಹೊತ್ತಿದ ಮೇಲೆ ಚರ್ಮದಿಂದ ಎರಡರಿಂದ ಮೂರು ಸೆಂಟಿಮೀಟರ್ ದೂರ ಹಿಡಿಯಿರಿ. ನಿಮ್ಮ ಇನ್ನೊಂದು ಕೈಯ ಎರಡು ಬೆರಳನ್ನು ಬಿಂದುವಿನ ಎರಡೂ ಪಕ್ಕ ಇಟ್ಟಿರಿ. ಬಿಸಿ ಹೆಚ್ಚಾದರೆ ಮೊದಲು ನಿಮಗೇ ಗೊತ್ತಾಗುತ್ತದೆ, ಕಿರುಬೆರಳನ್ನು ಊರಿದರೆ ಕೈಯೂ ಅಲುಗುವುದಿಲ್ಲ. ಬೂದಿ ಬಿದ್ದು ಸುಡುವ ಸಂಭವವೇ ಹೆಚ್ಚು, ಆದ್ದರಿಂದ ನಿಮಿಷಕ್ಕೊಮ್ಮೆ ಬಟ್ಟಲಿಗೆ ಕೊಡವಿ. ಒಂದು ಬಿಂದುವಿಗೆ ಹತ್ತರಿಂದ ಹದಿನೈದು ನಿಮಿಷ, ಚರ್ಮ ನಸುಗೆಂಪಾಗುವವರೆಗೆ. ಗುಳ್ಳೆ ಏಳಿಸಿ ಗುರುತು ಉಳಿಸುವ ಹಳೆಯ ಪದ್ಧತಿ ಒಂದಿದೆ, ಅದು ನಮಗೆ ಬೇಡ.

ಮುಗಿದ ಮೇಲೆ ಕಡ್ಡಿಯನ್ನು ಮರಳು ಅಥವಾ ಉಪ್ಪು ತುಂಬಿದ ಡಬ್ಬಿಯಲ್ಲಿ ತಲೆಕೆಳಗಾಗಿ ಹುಗಿಯಿರಿ. ಆರಿದಂತೆ ಕಂಡರೂ ಒಳಗೆ ಕೆಂಡ ಉಳಿದಿರುತ್ತದೆ. ಕಸದ ಬುಟ್ಟಿಗೆ ಎಸೆದು ಮಲಗಿದರೆ ಮನೆಗೇ ಬೆಂಕಿ ಹತ್ತಬಹುದು.

ಸೊಂಟಕ್ಕಾದರೆ

ಸೊಂಟಕ್ಕೆ ಗ್ವಾಶಾ, ಕಪ್ ಬೇಕಾಗುವುದು ಅಪರೂಪ. ಮಕಾಡೆ ಮಲಗಿಸಿ, ಹೊಟ್ಟೆಯಡಿ ತೆಳು ದಿಂಬಿಟ್ಟು, ಉಪ್ಪಿನ ಶಾಖ ಇಪ್ಪತ್ತು ನಿಮಿಷ ಕೊಡಿ. ಆಮೇಲೆ ಮುಂಗೈಯನ್ನು ಬೆನ್ನುಮೂಳೆಯ ಪಕ್ಕದ ಸ್ನಾಯುಗಳ ಮೇಲೆ ಪಕ್ಕೆಲುಬಿನ ಕೆಳಗಿನಿಂದ ಪೃಷ್ಠದವರೆಗೆ ಉರುಳಿಸಿ. ಪೃಷ್ಠವನ್ನು ಬಿಡಬೇಡಿ; ದಿನವಿಡೀ ಕೂತು ಕೆಲಸ ಮಾಡುವವರ ಸೊಂಟನೋವಿನ ಅರ್ಧ ಪಾಲು ಅಲ್ಲೇ ಅಡಗಿರುತ್ತದೆ. ಹೊಕ್ಕುಳಿಗೆ ನೇರ ಹಿಂದೆ, ಬೆನ್ನುಮೂಳೆಯಿಂದ ಎರಡು ಬೆರಳು ಆಚೆ ಈಚೆ ಶೆನ್‌ಶು ಬಿಂದುಗಳಿವೆ. ಅಲ್ಲಿ ಹೆಬ್ಬೆರಳಿನಿಂದ ಒತ್ತಿ, ಕೊನೆಗೆ ಎರಡು ಅಂಗೈಗಳನ್ನೂ ಇಟ್ಟು ಬಿಸಿಯೇರುವವರೆಗೆ ಅಡ್ಡಡ್ಡ ಉಜ್ಜಿ. ಮಾಕ್ಸಾ ಇದ್ದರೆ ಅದಕ್ಕೆ ತಕ್ಕ ಜಾಗ ಇದೇ.

ಬೆನ್ನು ಸೊಂಟದ ನೋವಿಗೆ ವೇಯ್‌ಝೋಂಗ್ ಹುಡುಕು ಎಂದು ಚೀನೀ ವೈದ್ಯ ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಸಾಲೊಂದಿದೆ. ಆ ಬಿಂದು ಮೊಣಕಾಲಿನ ಹಿಂದಿನ ಮಡಿಕೆಯ ನಟ್ಟನಡುವೆ ಇದೆ. ಕಾಲನ್ನು ಸ್ವಲ್ಪ ಮಡಿಸಿ ಹೆಬ್ಬೆರಳಿನಿಂದ ಹಗುರವಾಗಿ ಒತ್ತಿ. ಅಲ್ಲಿ ದೊಡ್ಡ ರಕ್ತನಾಳ ಮತ್ತು ನರ ಇರುವುದರಿಂದ ಬಲ ಬೇಡ. ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಕಾಲನ್ನು ಮುಟ್ಟದೆ ವೈದ್ಯರಿಗೆ ತೋರಿಸಿ. ಅದು ರಕ್ತ ಹೆಪ್ಪುಗಟ್ಟಿದ ಲಕ್ಷಣ ಇರಬಹುದು.

ಆಮೇಲೆ

ಬೆಚ್ಚನೆಯ ನೀರು ಕುಡಿಯಬೇಕು, ತಣ್ಣೀರು ಸ್ನಾನ ಮಾಡಬಾರದು, ಗೀರಿದ ಕತ್ತಿಗೆ ಗಾಳಿ ತಾಗಿಸಬಾರದು ಎಂದು ಚೀನೀಯರು ಹೇಳುತ್ತಾರೆ. ಇದಕ್ಕೆ ದೊಡ್ಡ ಪುರಾವೆ ಬೇಕಿಲ್ಲ, ಪಾಲಿಸಿದರೆ ನಷ್ಟವೂ ಇಲ್ಲ. ಒಂದು ದುಪಟ್ಟ ಸುತ್ತಿಕೊಂಡು ಆ ದಿನ ಭಾರ ಎತ್ತದೆ ಇದ್ದರೆ ಆಯಿತು. ಮರುದಿನ ಸ್ವಲ್ಪ ಮೈ ಕೈ ನೋವು ಸಹಜ. ಮೂರನೆಯ ದಿನಕ್ಕೂ ಅದು ಹೆಚ್ಚುತ್ತಿದ್ದರೆ ಒತ್ತಿದ್ದು ಜಾಸ್ತಿಯಾಗಿದೆ.

ಶಾಖವನ್ನು ದಿನವೂ ಕೊಡಬಹುದು, ತುಯಿನಾ ವಾರಕ್ಕೆ ಎರಡು ಮೂರು ಸಲ, ಗ್ವಾಶಾ ಗುರುತು ಮಾಯವಾದ ಮೇಲೆ. ಎರಡು ವಾರವಾದರೂ ನೋವು ತಗ್ಗದಿದ್ದರೆ ಮೂಳೆ ತಜ್ಞರನ್ನೋ ಫಿಸಿಯೋಥೆರಪಿಸ್ಟರನ್ನೋ ಕಾಣಿರಿ. ಹೋಗುವಾಗ ಮೈಮೇಲೆ ಗೀರಿದ ಗುರುತುಗಳಿದ್ದರೆ ಅಂಗಿ ತೆಗೆಯುವ ಮೊದಲೇ ತಿಳಿಸಿ. ಈ ಪಟ್ಟೆಗಳ ಪರಿಚಯವಿಲ್ಲದ ವೈದ್ಯರು ಅದನ್ನು ಹೊಡೆತವೆಂದೋ ರಕ್ತದ ಕಾಯಿಲೆಯೆಂದೋ ಭಾವಿಸಿ ಬೇಡದ ಪರೀಕ್ಷೆಗಳನ್ನು ಬರೆದುಕೊಡುವುದುಂಟು.